ಬರೆಹಕ್ಕೊಬ್ಬ ಸಾಕ್ಷಿ

ಮಹಾಪ್ರಬಂಧವೇ ಕೊನೆಯ ಬರೆಹವಾಗಿ ಉಳಿದ ಅಧ್ಯಾಪಕರು ನಮ್ಮ ಕಾಲೇಜುಗಳಲ್ಲಿ ಬಹಳ ಮಂದಿ ಇದ್ದಾರೆ. ಐದಾರು ವರ್ಷ ಹಸ್ತಪ್ರತಿಗಳನ್ನೂ ಶಾಸನಸಂಪುಟಗಳನ್ನೂ ತಿರುವಿಹಾಕಿ ನಾನೂರು ಪುಟ ಬರೆದವರು, ಪದವಿ ಕೈಸೇರಿದ ಮರುವರ್ಷದಿಂದ ಲೇಖನಿ ಮುಟ್ಟುವುದಿಲ್ಲ. ಅವರಲ್ಲಿ ವಿದ್ವತ್ತಿನ ಕೊರತೆಯಿಲ್ಲ. ತರಗತಿಯಲ್ಲಿ ಪಂಪನ ಒಂದು ಪದ್ಯವನ್ನು ಎತ್ತಿಕೊಂಡರೆ ಗಂಟೆ ಬಾರಿಸಿದ್ದೂ ತಿಳಿಯದಂತೆ ವಿವರಿಸಬಲ್ಲರು. ತಮ್ಮ ಸೀಮೆಯ ಬಸದಿಗಳ, ವೀರಗಲ್ಲುಗಳ, ನಿಸಿದಿಗಲ್ಲುಗಳ ಬಗೆಗೆ ಯಾವ ಗ್ರಂಥದಲ್ಲಿಯೂ ಇಲ್ಲದ ಸಂಗತಿಗಳನ್ನು ಬಾಯಿಪಾಠವಾಗಿ ಹೇಳಬಲ್ಲರು. ಆದರೆ ಅದಾವುದೂ ಹಾಳೆಗೆ ಇಳಿಯುವುದಿಲ್ಲ. ನಿವೃತ್ತಿಯ ದಿನ ಹಾರ, ಶಾಲು, ಹಣ್ಣಿನ ಬುಟ್ಟಿಯ ಜೊತೆಗೆ ಆ ತಿಳಿವಳಿಕೆಯೂ ಮನೆಗೆ ಹೊರಟುಹೋಗುತ್ತದೆ. ಕೆಲವು ವರ್ಷಗಳ ಬಳಿಕ ಅದನ್ನು ಕೇಳಿ ತಿಳಿಯೋಣವೆಂದರೆ ಹೇಳುವವರೇ ಇರುವುದಿಲ್ಲ.

ಏಕೆ ಬರೆಯುತ್ತಿಲ್ಲ ಎಂದು ವಿಚಾರಿಸಿದರೆ ದೊರೆಯುವ ಉತ್ತರಗಳು ಎರಡು. ಮೊದಲನೆಯದು, ಸಮಯವಿಲ್ಲ. ಎರಡನೆಯದು, ಬರೆಯುವ ಮನಸ್ಸು ಕೂಡಿಬರಬೇಕು. ಎರಡೂ ಸುಳ್ಳಲ್ಲ. ಪಾಠ, ಮೌಲ್ಯಮಾಪನ, ಪ್ರವೇಶಾತಿ, ನ್ಯಾಕ್ ಸಮಿತಿಯ ಕಡತಗಳು, ಇವುಗಳ ನಡುವೆ ದಿನಕ್ಕೆ ಮೂರು ಗಂಟೆ ಬಿಡುವು ಯಾರಿಗೂ ಸಿಕ್ಕುವುದಿಲ್ಲ. ಆದರೆ ಇದೇ ಜನ, ಇವೇ ಕೆಲಸಗಳ ನಡುವೆ, ಮಾರ್ಗದರ್ಶಕರೊಬ್ಬರು ಕೇಳುತ್ತಿದ್ದ ಕಾಲದಲ್ಲಿ ಮಹಾಪ್ರಬಂಧವನ್ನು ಬರೆದು ಮುಗಿಸಿದರು. ಆಗ ಇದ್ದು ಈಗ ಇಲ್ಲದಿರುವುದು ಏನು? ‘ಮೂರನೆಯ ಅಧ್ಯಾಯ ಎಲ್ಲಿಗೆ ಬಂತು?’ ಎಂದು ಕೇಳುವ ಒಂದು ದನಿ. ನನ್ನ ಈ ಲೇಖನದ ವಾದವಿಷ್ಟೇ: ದಿನವೂ ಬರೆಯುವ ಅಭ್ಯಾಸವು ಒಬ್ಬರ ಸಂಕಲ್ಪಬಲದಿಂದ ನಿಲ್ಲುವುದು ಅಪರೂಪ, ಅದಕ್ಕೆ ಸಮಾನರ ಸಾಕ್ಷಿ ಬೇಕು. ಆ ಸಾಕ್ಷಿಯನ್ನು ಮೇಲಧಿಕಾರಿಯ ತಪಾಸಣೆಯೊಡನೆ ಬೆರೆಸಿದರೆ ಮಾತ್ರ ಬರೆಹ ಕೆಡುತ್ತದೆ.

ಇದಕ್ಕೆ ಆಧಾರವಾಗಿ ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಬಾಯ್ಸ್ 1989ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವನ್ನು ನೋಡಬಹುದು. ಆತ ವಿಶ್ವವಿದ್ಯಾಲಯಗಳ ಕಿರಿಯ ಅಧ್ಯಾಪಕರನ್ನು ಮೂರು ಗುಂಪು ಮಾಡಿದ. ಮೊದಲ ಗುಂಪಿನವರು ತಮ್ಮ ರೂಢಿಯನ್ನು ಬದಲಿಸಲಿಲ್ಲ. ಬಿಡುವು ದೊರೆತಾಗ, ಮನಸ್ಸು ಬಂದಾಗ ಬರೆದರು. ಎರಡನೆಯ ಗುಂಪಿನವರು ದಿನವೂ ಸ್ವಲ್ಪ ಹೊತ್ತು ಬರೆದು, ಬರೆದುದರ ಲೆಕ್ಕವನ್ನು ತಾವೇ ಇಟ್ಟುಕೊಂಡರು. ಮೂರನೆಯ ಗುಂಪಿನವರು ದಿನವೂ ಬರೆದು, ಲೆಕ್ಕವಿಟ್ಟು, ಅದನ್ನು ವಾರಕ್ಕೊಮ್ಮೆ ಇನ್ನೊಬ್ಬರ ಮುಂದೆ ಒಪ್ಪಿಸಿದರು. ವರ್ಷದ ಕೊನೆಗೆ ಒಬ್ಬೊಬ್ಬರ ಬರೆಹದ ಸರಾಸರಿ ಮೊದಲ ಗುಂಪಿನಲ್ಲಿ 17 ಪುಟ, ಎರಡನೆಯದರಲ್ಲಿ 64 ಪುಟ, ಮೂರನೆಯದರಲ್ಲಿ 157 ಪುಟ. ದಿನನಿತ್ಯದ ಶಿಸ್ತು 47 ಪುಟಗಳನ್ನು ಹೆಚ್ಚಿಸಿದರೆ, ಆ ಶಿಸ್ತಿಗೆ ಒಬ್ಬ ಸಾಕ್ಷಿ ದೊರೆತಾಗ ಮತ್ತೆ 93 ಪುಟಗಳು ಹೆಚ್ಚಿದವು. ಅಧ್ಯಯನಕ್ಕೆ ಒಳಪಟ್ಟವರ ಸಂಖ್ಯೆ ಚಿಕ್ಕದು, ಅಳೆದದ್ದು ಪುಟಗಳನ್ನೇ ಹೊರತು ಗುಣವನ್ನಲ್ಲ. ಈ ಮಿತಿಗಳನ್ನು ಒಪ್ಪಿಕೊಂಡರೂ ಅಂತರವು ಅಲಕ್ಷಿಸುವಂಥದಲ್ಲ.

ಹೀಗಾಗಲು ಕಾರಣವೇನು? ಸ್ವಂತ ದಿನಚರಿಯಲ್ಲಿ ಇಡುವ ಲೆಕ್ಕಕ್ಕೆ ಒಂದು ದೌರ್ಬಲ್ಯವಿದೆ: ಅದನ್ನು ಬರೆಯುವವನೂ ಕ್ಷಮಿಸುವವನೂ ಒಬ್ಬನೇ. ಇಂದು ತಪ್ಪಿದರೆ ನಾಳೆ ಎರಡರಷ್ಟು ಬರೆಯುತ್ತೇನೆಂದು ನಾವು ನಮಗೇ ಸಾಲ ಕೊಟ್ಟುಕೊಳ್ಳುತ್ತೇವೆ. ವಾರ ಕಳೆಯುವುದರೊಳಗೆ ಸಾಲವೂ ಮರೆತುಹೋಗುತ್ತದೆ, ದಿನಚರಿಯೂ ಮೂಲೆ ಸೇರುತ್ತದೆ. ಇಂಗ್ಲಿಷ್ ಕಾದಂಬರಿಕಾರ ಆಂಥೊನಿ ಟ್ರಾಲಪ್ ಅಂಚೆ ಇಲಾಖೆಯ ನೌಕರಿಯಲ್ಲಿದ್ದುಕೊಂಡೇ ಮುಂಜಾನೆ ಗಡಿಯಾರವನ್ನು ಮುಂದಿಟ್ಟುಕೊಂಡು ಕಾಲುಗಂಟೆಗೆ 250 ಪದಗಳಂತೆ ಬರೆಯುತ್ತಿದ್ದ. ದಿನದ ಪುಟಗಳನ್ನು ದಾಖಲೆ ಪುಸ್ತಕದಲ್ಲಿ ನಮೂದಿಸುತ್ತಿದ್ದ. 1883ರಲ್ಲಿ, ಅವನ ಮರಣಾನಂತರ ಪ್ರಕಟವಾದ ಆತ್ಮಕಥೆಯಲ್ಲಿ ಇದೆಲ್ಲ ಇದೆ. ಒಂಟಿ ಶಿಸ್ತಿಗೆ ಅವನಷ್ಟು ದೊಡ್ಡ ಉದಾಹರಣೆ ಇನ್ನೊಂದಿಲ್ಲ ಎನ್ನುತ್ತಾರೆ. ಆದರೆ ಅವನ ಹಿಂದೆ ಕರಾರು ಮಾಡಿಕೊಂಡ ಪ್ರಕಾಶಕರಿದ್ದರು, ಮುಂದಿನ ಕಂತಿಗಾಗಿ ಕಾದಿರುವ ಓದುಗರಿದ್ದರು ಎಂಬುದನ್ನು ಮರೆಯಬಾರದು.

ಕಾವ್ಯವು ಏಕಾಂತದ ಫಲ, ಕವಿ ಒಂಟಿ ಜೀವಿ ಎಂಬ ಕಲ್ಪನೆಯನ್ನು ನಾವು ಈಚಿನ ಕಾಲದಲ್ಲಿ ಅತಿಯಾಗಿ ನಂಬಿದ್ದೇವೆ. ನಮ್ಮ ಹಳೆಯ ಸಾಹಿತ್ಯ ಹುಟ್ಟಿದ ಪರಿ ಬೇರೆ. ರಾಷ್ಟ್ರಕೂಟರ ಕಾಲದ ಗುರುಪರಂಪರೆಯೊಂದನ್ನು ನೋಡಿ. ವೀರಸೇನಾಚಾರ್ಯರು ಧವಳಾ ಟೀಕೆಯನ್ನು ಮುಗಿಸಿ ಜಯಧವಳೆಗೆ ತೊಡಗಿ, 20,000 ಗ್ರಂಥಪ್ರಮಾಣದಷ್ಟು ಬರೆದು ತೀರಿಕೊಂಡರು. ಉಳಿದ 40,000 ಗ್ರಂಥಪ್ರಮಾಣವನ್ನು ಶಿಷ್ಯ ಜಿನಸೇನಾಚಾರ್ಯರು ಬರೆದು 837ರಲ್ಲಿ ಪೂರೈಸಿದರು. ಆ ಜಿನಸೇನರು ಸಂಸ್ಕೃತ ಆದಿಪುರಾಣದ 42 ಪರ್ವಗಳನ್ನೂ 43ನೆಯದರ ಮೂರು ಶ್ಲೋಕಗಳನ್ನೂ ರಚಿಸಿ ನಿಲ್ಲಿಸಿದಾಗ, ಮುಂದಿನದನ್ನು ಅವರ ಶಿಷ್ಯ ಗುಣಭದ್ರರು ಕೈಗೆತ್ತಿಕೊಂಡರು. ಮೂರು ತಲೆಮಾರು, ಒಂದೇ ಕೆಲಸ. ಗುರು ಎಲ್ಲಿ ಬಿಟ್ಟರೋ ಅಲ್ಲಿಂದ ಶಿಷ್ಯ ಆರಂಭಿಸಬೇಕು ಎಂಬ ಹೊಣೆಯು ಸಂಘದ ಕಣ್ಣಮುಂದೆ ಇದ್ದುದರಿಂದಲೇ ಈ ಬೃಹತ್ಕೃತಿಗಳು ಅರೆಯಾಗಿ ಉಳಿಯಲಿಲ್ಲ.

ಆ ಜಿನಸೇನರ ಪುರಾಣವನ್ನು ಮುಂದಿಟ್ಟುಕೊಂಡು ಕನ್ನಡದಲ್ಲಿ ಬರೆದ ಪಂಪನ ಮಾತನ್ನೂ ಗಮನಿಸಬೇಕು. ಸಮಸ್ತ ಭಾರತದ ಕಥೆಯನ್ನು ಕೆಡದಂತೆ ಹೇಳಬಲ್ಲವನು ಪಂಪನೊಬ್ಬನೇ ಎಂದು ಪಂಡಿತರು ಬೆನ್ನುಹತ್ತಿ ಒತ್ತಾಯಿಸಿದ್ದರಿಂದ ತಾನು ವಿಕ್ರಮಾರ್ಜುನ ವಿಜಯಕ್ಕೆ ತೊಡಗಿದೆನೆಂದು ಅವನೇ ಕಾವ್ಯದ ಆರಂಭದಲ್ಲಿ ಹೇಳಿಕೊಳ್ಳುತ್ತಾನೆ. ಭಾರತಕ್ಕೆ ಆರು ತಿಂಗಳು, ಆದಿಪುರಾಣಕ್ಕೆ ಮೂರು ತಿಂಗಳು ಹಿಡಿದವೆಂದೂ ಅವನದೇ ಹೇಳಿಕೆಯಿದೆ. ಈ ವೇಗವನ್ನು ನಾವು ಸಾಮಾನ್ಯವಾಗಿ ಪ್ರತಿಭೆಯ ಲೆಕ್ಕಕ್ಕೆ ಬರೆದು ಸುಮ್ಮನಾಗುತ್ತೇವೆ. ಪ್ರತಿಭೆಯಿಲ್ಲದೆ ಅದು ಸಾಧ್ಯವಿಲ್ಲ, ನಿಜ. ಆದರೆ ಇಂದು ಎಷ್ಟು ಆಶ್ವಾಸವಾಯಿತು ಎಂದು ತಿಳಿಯಲು ಕಾದಿರುವ ಪಂಡಿತರ ಮಂಡಲಿಯೂ ಅರಿಕೇಸರಿಯಂಥ ಆಶ್ರಯದಾತನೂ ಎದುರಿಗಿದ್ದರು ಎಂಬ ಸಂಗತಿಗೂ ಆ ವೇಗದಲ್ಲಿ ಪಾಲಿದೆ ಎಂದೇ ನನ್ನ ಎಣಿಕೆ.

ಹಾಗೆ ಕೇಳುವವರೇ ಇಲ್ಲದವನು ಏನು ಮಾಡಬೇಕು? ಇದಕ್ಕೆ ಮುದ್ದಣನ ಬದುಕು ಒಂದು ವಿಚಿತ್ರವಾದ ಉತ್ತರ ಕೊಡುತ್ತದೆ. ನಂದಳಿಕೆ ಲಕ್ಷ್ಮೀನಾರಣಪ್ಪ ಉಡುಪಿಯಲ್ಲಿ ವ್ಯಾಯಾಮ ಶಿಕ್ಷಕನಾಗಿದ್ದವನು. ಬಡತನ, ಅನಾರೋಗ್ಯ; 1901ರಲ್ಲಿ ತೀರಿಕೊಂಡಾಗ ವಯಸ್ಸು ಮೂವತ್ತನ್ನು ಆಗಷ್ಟೇ ದಾಟಿತ್ತು. ತನ್ನ ಕೃತಿಗಳನ್ನು ತನ್ನವೆಂದು ಹೇಳಿಕೊಳ್ಳಲೂ ಅಂಜಿ, ಹಳೆಯ ಪ್ರತಿಗಳೆಂಬಂತೆ ಮೈಸೂರಿನ ‘ಕಾವ್ಯಕಲಾನಿಧಿ’ಗೆ ಕಳುಹಿಸಿಕೊಟ್ಟವನು ಅವನು. ಅಂಥವನು ‘ರಾಮಾಶ್ವಮೇಧ’ವನ್ನು ಬರೆದಾಗ ಕಥೆಯ ಪಕ್ಕದಲ್ಲಿಯೇ ಮನೋರಮೆಯನ್ನು ತಂದು ಕೂರಿಸಿದ. ಆಕೆ ಸುಮ್ಮನೆ ಹೂಂಗುಡುವ ಕೇಳುಗಳಲ್ಲ. ಯಾವ ಕಥೆ ಬೇಕು, ಪದ್ಯವೋ ಗದ್ಯವೋ, ಮಾತು ಸುಲಭವಾಗಿರಲಿ, ಇಲ್ಲಿ ಬೆಳೆಸಬೇಡ, ಅಲ್ಲಿ ಬಿಡಬೇಡ ಎಂದು ನಡುನಡುವೆ ತಡೆಯುತ್ತಾಳೆ, ಕೆಣಕುತ್ತಾಳೆ, ಮುಂದೇನಾಯಿತೆಂದು ಕೇಳುತ್ತಾಳೆ. ವಿಮರ್ಶಕರು ಈ ಸಲ್ಲಾಪವನ್ನು ಸರಸದ ದೃಷ್ಟಿಯಿಂದ, ಹೊಸಗನ್ನಡದ ಮುಂಗೋಳಿಯೆಂಬ ದೃಷ್ಟಿಯಿಂದ ಬಹಳ ಕೊಂಡಾಡಿದ್ದಾರೆ. ನನಗೆ ಅದರಲ್ಲಿ ಇನ್ನೊಂದು ಕಾಣುತ್ತದೆ. ಹೊರಗೆ ಸಹೃದಯ ಗೋಷ್ಠಿಯಿಲ್ಲದ ಕವಿಯು ತನ್ನ ಕೃತಿಯೊಳಗೇ ಒಬ್ಬ ಕೇಳುಗಳನ್ನು ಸೃಷ್ಟಿಸಿಕೊಂಡಿದ್ದಾನೆ; ಅವಳಿಗೆ ಉತ್ತರ ಕೊಡುತ್ತ ಕೊಡುತ್ತ ಕಥೆಯನ್ನು ಕೊನೆ ಮುಟ್ಟಿಸಿದ್ದಾನೆ.

ಇಪ್ಪತ್ತನೆಯ ಶತಮಾನದಲ್ಲಿ ಈ ಕೇಳುಗರು ಗೆಳೆಯರ ರೂಪದಲ್ಲಿ ಬಂದರು. ಧಾರವಾಡದಲ್ಲಿ ಬೇಂದ್ರೆಯವರ ಸುತ್ತ ನೆರೆದ ಗೆಳೆಯರ ಗುಂಪಿನ ವಿಷಯ ಎಲ್ಲರೂ ಬಲ್ಲರು. ಅದಕ್ಕಿಂತ ನನಗೆ ಹತ್ತಿರವೆನಿಸುವುದು ಹಲಸಂಗಿಯ ಗೆಳೆಯರ ಕಥೆ. ಹಲಸಂಗಿ ಅಂದಿನ ವಿಜಾಪುರ ಜಿಲ್ಲೆಯ ಒಂದು ಹಳ್ಳಿ. ಅಲ್ಲಿ ವಿಶ್ವವಿದ್ಯಾಲಯವಿರಲಿಲ್ಲ, ಅನುದಾನವಿರಲಿಲ್ಲ. ಮಧುರಚೆನ್ನ, ಸಿಂಪಿ ಲಿಂಗಣ್ಣ, ಪಿ. ಧೂಲಾಸಾಹೇಬ, ಕಾಪಸೆ ರೇವಪ್ಪ, ಇವರು ಸೇರಿ ಬೀಸುವ ಕಲ್ಲಿನ ಮುಂದೆ, ಹೊಲದ ಬದುವಿನಲ್ಲಿ ಹೆಂಗಸರು ಹಾಡುತ್ತಿದ್ದ ಹಾಡುಗಳನ್ನು ಬರೆದಿಟ್ಟರು. 1931ರಲ್ಲಿ ‘ಗರತಿಯ ಹಾಡು’, 1933ರಲ್ಲಿ ‘ಜೀವನ ಸಂಗೀತ’, 1935ರಲ್ಲಿ ‘ಮಲ್ಲಿಗೆ ದಂಡೆ’. ಕನ್ನಡ ಜನಪದ ಸಾಹಿತ್ಯದ ಅಧ್ಯಯನಕ್ಕೆ ಅಡಿಗಲ್ಲಾದ ಸಂಕಲನಗಳಿವು. ಹಾಡುಗಳನ್ನು ಸಂಗ್ರಹಿಸುವುದು ಒಂದು ದಿನದ ಉತ್ಸಾಹದಿಂದ ಆಗುವ ಕೆಲಸವಲ್ಲ. ತ್ರಿಪದಿಗಳು ಒಂದೊಂದಾಗಿ, ಬೇರೆ ಬೇರೆ ಬಾಯಿಂದ, ವರ್ಷಗಟ್ಟಲೆ ಕೂಡಬೇಕು. ಹಳ್ಳಿಯಲ್ಲಿ ಒಬ್ಬನೇ ಈ ಕೆಲಸ ಮಾಡಿದ್ದರೆ ಎರಡನೆಯ ತಿಂಗಳಿಗೆ ಇದರಿಂದೇನು ಪ್ರಯೋಜನವೆಂದು ಕೈಬಿಟ್ಟಿರುತ್ತಿದ್ದ. ನಾಲ್ವರಿದ್ದಾಗ ಒಬ್ಬನ ಬೇಸರದ ದಿನ ಇನ್ನೊಬ್ಬನ ಉತ್ಸಾಹದ ದಿನವಾಗಿರುತ್ತದೆ.

ಹೊರನಾಡಿನಲ್ಲಿಯೂ ಇಂಥದೇ ಉದಾಹರಣೆಯಿದೆ. ಆಕ್ಸ್‌ಫರ್ಡಿನಲ್ಲಿ ಸಿ. ಎಸ್. ಲೂಯಿಸ್‌ನ ಕೊಠಡಿಯಲ್ಲಿ ಗುರುವಾರ ಸಂಜೆ ‘ಇಂಕ್ಲಿಂಗ್ಸ್’ ಎಂಬ ಗೆಳೆಯರು ಸೇರುತ್ತಿದ್ದರು. ಟೋಲ್ಕಿನ್ ತನ್ನ ದೀರ್ಘ ಕಥೆ ‘ಲಾರ್ಡ್ ಆಫ್ ದಿ ರಿಂಗ್ಸ್’ ಅನ್ನು ಅಧ್ಯಾಯ ಅಧ್ಯಾಯವಾಗಿ ಓದಿದ್ದು ಅಲ್ಲಿಯೇ. ಲೂಯಿಸ್‌ನಿಂದ ತನಗೆ ದೊರೆತದ್ದು ಪ್ರಭಾವವಲ್ಲ, ಉತ್ತೇಜನ. ಅವನು ಇನ್ನೂ ಬೇಕೆಂದು ಕೇಳದಿದ್ದರೆ ಆ ಗ್ರಂಥ ಮುಗಿಯುತ್ತಿರಲಿಲ್ಲವೆಂಬುದು ಟೋಲ್ಕಿನ್ ಮುಂದೆ ಹೇಳಿದ ಮಾತಿನ ಸಾರ. ಗುಂಪು ಬರೆಹಗಾರನಿಗೆ ವಿಷಯವನ್ನಾಗಲಿ ಶೈಲಿಯನ್ನಾಗಲಿ ಕೊಡಬೇಕಾಗಿಲ್ಲ, ಕಾಯುತ್ತಿರಬೇಕು ಅಷ್ಟೆ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಲೇಬೇಕು. ‘ಲೆಕ್ಕ ಕೇಳಿದರೆ ಬರೆಹ ಹುಟ್ಟುತ್ತದೆ ಎನ್ನುತ್ತೀರಿ, ಲೆಕ್ಕ ಕೇಳಿ ಕೇಳಿಯೇ ಅಲ್ಲವೇ ನಮ್ಮ ಸಂಶೋಧನೆ ಹಾಳಾದದ್ದು?’ ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ಆಕ್ಷೇಪ ನ್ಯಾಯವಾದದ್ದೇ. ವಿಶ್ವವಿದ್ಯಾಲಯ ಅನುದಾನ ಆಯೋಗದ 2010ರ ನಿಯಮಾವಳಿಯು ಅಧ್ಯಾಪಕರ ಬಡ್ತಿಗೆ ಅಂಕಗಳ ಪದ್ಧತಿಯನ್ನು ತಂದಿತು. ಲೇಖನಕ್ಕಿಷ್ಟು, ಪುಸ್ತಕಕ್ಕಿಷ್ಟು, ವಿಚಾರಸಂಕಿರಣಕ್ಕಿಷ್ಟು ಅಂಕಗಳು. ಅದರ ಬೆನ್ನಿಗೇ ಐ.ಎಸ್.ಎಸ್.ಎನ್. ಸಂಖ್ಯೆಯೊಂದನ್ನು ಅಂಟಿಸಿಕೊಂಡು, ಹಣ ಪಡೆದು, ಏನು ಕೊಟ್ಟರೂ ಅಚ್ಚು ಮಾಡುವ ಪತ್ರಿಕೆಗಳು ಅಣಬೆಗಳಂತೆ ಎದ್ದವು. ಲೇಖನಗಳ ಸಂಖ್ಯೆ ಏರಿತು. ಓದಿಸಿಕೊಳ್ಳುವ ಲೇಖನಗಳು ಏರಲಿಲ್ಲ.

ಆದರೆ ಆ ಲೆಕ್ಕಕ್ಕೂ ನಾನು ಹೇಳುತ್ತಿರುವ ಲೆಕ್ಕಕ್ಕೂ ಬಹಳ ವ್ಯತ್ಯಾಸವಿದೆ. ಕಚೇರಿ ಕೇಳುವುದು ಮುಗಿದ ಸರಕನ್ನು. ಗೆಳೆಯ ಕೇಳುವುದು ಇಂದಿನ ದುಡಿಮೆಯನ್ನು. ಕಚೇರಿಗೆ ಸುಳ್ಳು ದಾಖಲೆ ಒಪ್ಪಿಸಿದರೆ ಅಂಕ ದೊರೆಯುತ್ತದೆ. ಗೆಳೆಯನಿಗೆ ಸುಳ್ಳು ಹೇಳಿದರೆ ದೊರೆಯುವುದು ಏನೂ ಇಲ್ಲ, ಕಳೆದುಕೊಳ್ಳುವುದು ಗೆಳೆತನವನ್ನು. ಇನ್ನೂ ಮುಖ್ಯವಾದದ್ದು, ಕಚೇರಿಯವನು ತಾನು ಬರೆಯುವವನಲ್ಲ. ಗುಂಪಿನಲ್ಲಿ ಕೇಳುವವನೂ ಮರುಗಳಿಗೆ ಉತ್ತರ ಕೊಡಬೇಕಾದವನೇ. ಹೀಗೆ ಎರಡೂ ಕಡೆ ಹೊಣೆಯಿರುವಲ್ಲಿ ತಪಾಸಣೆಯ ವಾಸನೆ ಬರುವುದಿಲ್ಲ.

ಗುಂಪು ಬೆಳೆದು ಜಾತ್ರೆಯಾದರೂ ಈ ಗುಣ ಕೆಡುತ್ತದೆ. 1999ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಪ್ರದೇಶದಲ್ಲಿ ಕ್ರಿಸ್ ಬೇಟಿ ಎಂಬಾತ ತಾನೂ ಸೇರಿ 21 ಮಂದಿಯ ಗೆಳೆಯರ ಗುಂಪು ಕಟ್ಟಿ, ಒಂದೇ ತಿಂಗಳಲ್ಲಿ 50,000 ಪದಗಳ ಕಾದಂಬರಿ ಬರೆಯುವ ಪಣ ತೊಟ್ಟ. ದಿನಕ್ಕೆ ಸುಮಾರು 1,667 ಪದಗಳು. ‘ನ್ಯಾನೋರೈಮೋ’ ಎಂದು ಹೆಸರಾದ ಆ ಪ್ರಯತ್ನ ಮುಂದೆ ಲಕ್ಷಾಂತರ ಜನರ ಜಾಗತಿಕ ಸಂಸ್ಥೆಯಾಗಿ ಬೆಳೆದು, ಹಣಕಾಸಿನ ಕಷ್ಟ, ವಿವಾದಗಳ ನಡುವೆ 2025ರಲ್ಲಿ ಬಾಗಿಲು ಹಾಕಿಕೊಳ್ಳುವುದಾಗಿ ಘೋಷಿಸಿತು. ಅದರಿಂದ ಅನೇಕರು ಬರೆಯಲು ಕಲಿತದ್ದು ನಿಜ. ಆದರೆ ಲಕ್ಷ ಜನರಲ್ಲಿ ಒಬ್ಬನು ಬರೆಯದೆ ಹೋದರೆ ಯಾರಿಗೂ ತಿಳಿಯುವುದಿಲ್ಲ. ಐವರಲ್ಲಿ ಒಬ್ಬನು ಬರೆಯದಿದ್ದರೆ ಅಂದೇ ಸಂಜೆ ತಿಳಿಯುತ್ತದೆ.

ಹಾಗಾದರೆ ನಡೆಸುವ ಬಗೆ ಹೇಗೆ? ನಾನೂ ಸೇರಿದಂತೆ ಐವರು ಕೆಲವು ವರ್ಷಗಳಿಂದ ಒಂದು ಸರಳ ಕ್ರಮವನ್ನು ಪಾಲಿಸುತ್ತಿದ್ದೇವೆ. ಮೂವರು ಕನ್ನಡ ಅಧ್ಯಾಪಕರು, ಒಬ್ಬರು ಇತಿಹಾಸದವರು, ಇನ್ನೊಬ್ಬರು ನಿವೃತ್ತ ಪ್ರೌಢಶಾಲಾ ಶಿಕ್ಷಕರು. ರಾತ್ರಿ ಒಂಬತ್ತೂವರೆಯೊಳಗೆ ಪ್ರತಿಯೊಬ್ಬರೂ ವಾಟ್ಸಾಪಿನಲ್ಲಿ ಒಂದು ಸಾಲು ಹಾಕಬೇಕು: ಇಂದು ಎಷ್ಟು ಹೊತ್ತು ಕುಳಿತೆ, ಎಷ್ಟು ಬರೆದೆ. ಬರೆಯದಿದ್ದವರು ‘ಇಂದು ಇಲ್ಲ’ ಎಂದು ಹಾಕಬೇಕು. ಕಾರಣ ಕೊಡಬೇಕಾಗಿಲ್ಲ, ಯಾರೂ ಕೇಳುವಂತೆಯೂ ಇಲ್ಲ. ಬರೆದ ಪಠ್ಯವನ್ನು ಅಲ್ಲಿ ಹಾಕುವುದಿಲ್ಲ. ಹೊಗಳಿಕೆಯೂ ವಿಮರ್ಶೆಯೂ ಆ ಗುಂಪಿಗೆ ನಿಷಿದ್ಧ. ತಿಂಗಳಿಗೊಮ್ಮೆ ಒಬ್ಬರ ಮನೆಯಲ್ಲಿ ಸೇರಿ ಓದಿಕೊಳ್ಳುವುದು ಬೇರೆ, ಅಲ್ಲಿ ಜಗಳವಾಡಲು ಎಲ್ಲರಿಗೂ ಸ್ವಾತಂತ್ರ್ಯವಿದೆ. ಶುಭೋದಯದ ಚಿತ್ರಗಳಿಗೆ ಪ್ರವೇಶವಿಲ್ಲ. ದಿನಕ್ಕೆ ಅರ್ಧ ಗಂಟೆ ಎಂಬುದು ನಮ್ಮ ಕನಿಷ್ಠ ಮಿತಿ.

ಈ ನಿಯಮಗಳಲ್ಲಿ ಹೆಚ್ಚು ಕೆಲಸ ಮಾಡುವುದು ‘ಇಂದು ಇಲ್ಲ’ ಎಂಬ ಎರಡು ಪದಗಳ ನಿಯಮ. ಬರೆಯದ ದಿನ ಮೌನವಾಗಿರಲು ಅವಕಾಶವಿದ್ದರೆ ಮೌನವು ಬಹುಬೇಗ ರೂಢಿಯಾಗುತ್ತದೆ. ಎರಡು ಪದಗಳನ್ನು ಕೈಯಾರೆ ಒತ್ತುವಾಗ ಮನಸ್ಸಿಗೆ ಆಗುವ ಸಣ್ಣ ಇರಿಸುಮುರಿಸು ಮರುದಿನ ಮೇಜಿನ ಮುಂದೆ ಕೂರಿಸುತ್ತದೆ. ನಮ್ಮ ಹಿರಿಯ ಶಿಕ್ಷಕರು ತಮ್ಮ ಹೋಬಳಿಯ ವೀರಗಲ್ಲುಗಳ ಬಗೆಗೆ ಮೂವತ್ತು ವರ್ಷ ಟಿಪ್ಪಣಿ ಮಾಡಿಟ್ಟುಕೊಂಡಿದ್ದರು. ದಿನಕ್ಕೆ ಒಂದು ಕಲ್ಲಿನಂತೆ ವಿವರಣೆ ಬರೆಯುತ್ತ ಹೋಗಿ ಈಗ ಅದನ್ನು ಅಚ್ಚಿಗೆ ಕೊಡುವ ಹಂತಕ್ಕೆ ತಂದಿದ್ದಾರೆ. ಅವರು ಬರೆಯತೊಡಗಿದ ಮೇಲೆ ಎರಡು ಕಲ್ಲುಗಳು ರಸ್ತೆ ಅಗಲೀಕರಣದಲ್ಲಿ ಕಾಣೆಯಾದವು. ಅವುಗಳ ಪಾಠ ಈಗ ಉಳಿದಿರುವುದು ಅವರ ಹಾಳೆಗಳಲ್ಲಿ ಮಾತ್ರ.

ದಿನವೂ ಬರೆದರೆ ಬರೆಹ ತೆಳುವಾಗುವುದಿಲ್ಲವೇ, ಚಿಂತನೆಗೆ ಏಕಾಂತ ಬೇಡವೇ ಎಂಬ ಇನ್ನೊಂದು ಶಂಕೆಯಿದೆ. ಖಂಡಿತವಾಗಿ ಬೇಕು. ತತ್ತ್ವಾರ್ಥಸೂತ್ರವು ಸ್ವಾಧ್ಯಾಯವನ್ನು ಐದು ಬಗೆಯಾಗಿ ವಿಂಗಡಿಸುತ್ತದೆ: ವಾಚನೆ, ಪೃಚ್ಛನೆ, ಅನುಪ್ರೇಕ್ಷೆ, ಆಮ್ನಾಯ, ಧರ್ಮೋಪದೇಶ. ಪಾಠ ಕೊಡುವುದು, ಸಂದೇಹ ಕೇಳುವುದು, ಮನಸ್ಸಿನಲ್ಲಿ ಮಥಿಸುವುದು, ಶುದ್ಧವಾಗಿ ಮತ್ತೆ ಮತ್ತೆ ಪಠಿಸುವುದು, ಇತರರಿಗೆ ತಿಳಿಯಹೇಳುವುದು. ಅನುಪ್ರೇಕ್ಷೆ ಒಂಟಿಯಾಗಿಯೇ ನಡೆಯಬೇಕು. ಆದರೆ ಪಾಠಕ್ಕೂ ಪ್ರಶ್ನೆಗೂ ಉಪದೇಶಕ್ಕೂ ಎದುರಿಗೊಬ್ಬರು ಬೇಕು. ತಪಸ್ಸೆಂದು ಎಣಿಸಿದ ಅಧ್ಯಯನದಲ್ಲಿಯೂ ನಮ್ಮ ಹಿರಿಯರು ಏಕಾಂತಕ್ಕೆ ಐದರಲ್ಲಿ ಒಂದು ಸ್ಥಾನವನ್ನು ಕೊಟ್ಟು, ಅದನ್ನು ಉಳಿದವುಗಳ ನಡುವೆ ಇರಿಸಿದರು. ಬರೆಹಕ್ಕೂ ಇದೇ ಅನುಪಾತ ಹೊಂದುತ್ತದೆ. ಅರ್ಧ ಗಂಟೆಯ ಏಕಾಂತವನ್ನು ಯಾರೂ ಕದಡುವುದಿಲ್ಲ. ಆ ಏಕಾಂತಕ್ಕೆ ಹೋದೆಯಾ ಎಂದು ಮಾತ್ರ ಗುಂಪು ಕೇಳುತ್ತದೆ. ತೆಳುವಾದ ಪುಟವನ್ನು ನಾಳೆ ತಿದ್ದಬಹುದು. ಬರೆಯದ ಪುಟವನ್ನು ತಿದ್ದುವ ಉಪಾಯವನ್ನು ಯಾವ ಲಾಕ್ಷಣಿಕನೂ ಹೇಳಿಲ್ಲ.

ಹಳಗನ್ನಡವನ್ನು ನಿರರ್ಗಳವಾಗಿ ಓದಬಲ್ಲವರ, ತಾಳೆಗರಿಯ ಲಿಪಿಯನ್ನು ಬಿಡಿಸಬಲ್ಲವರ ತಲೆಮಾರು ಈಗ ಐವತ್ತು ದಾಟಿದೆ. ನಾನೂ ಆ ಸಾಲಿನವನೇ. ನಮ್ಮ ಸೇವಾವಧಿಯಲ್ಲಿ ಉಳಿದಿರುವುದು ಕೆಲವೇ ವರ್ಷಗಳು. ನಮಗೆ ತಿಳಿದದ್ದನ್ನು ಬರೆದಿಡಲು ಹೊಸ ಅಕಾಡೆಮಿಯಾಗಲಿ ಯೋಜನೆಯಾಗಲಿ ಬೇಕಾಗಿಲ್ಲ. ಒಬ್ಬರನ್ನೊಬ್ಬರು ಬಲ್ಲ, ಒಬ್ಬರ ಮುಂದೊಬ್ಬರು ನಾಚಬಲ್ಲ ನಾಲ್ಕೈದು ಮಂದಿ ಸಾಕು. ಇದನ್ನು ಓದುತ್ತಿರುವ ಅಧ್ಯಾಪಕಮಿತ್ರರು ಈ ವಾರ ಅಂಥ ಮೂವರಿಗೆ ದೂರವಾಣಿ ಮಾಡಲಿ. ಹೊತ್ತೊಂದನ್ನು ಗೊತ್ತುಪಡಿಸಿಕೊಂಡು, ಆ ರಾತ್ರಿಯೇ ಮೊದಲ ಲೆಕ್ಕವನ್ನು ಒಪ್ಪಿಸಲಿ, ಅದು ‘ಇಂದು ಇಲ್ಲ’ ಎಂದಾಗಿದ್ದರೂ ಚಿಂತೆಯಿಲ್ಲ.